ಸೀತಾಳೆಗೆ ಪಂಚಾಮೃತ

ಹೊಳೆಯ ದಂಡೆಯ ಆಶ್ರಮದಲ್ಲಿ ಹಾಲಯ್ಯಜ್ಜ ಎಂಬ ಗುರುಗಳಿದ್ದರು. ಫಕೀರವ್ವ ಅವರ ಶಿಷ್ಯೆ.

ಆಕೆ ಕಲಿಯಲೆಂದು ಬಂದವಳಲ್ಲ. ಜ್ವರದಲ್ಲಿ ಬೇಯುತ್ತಿದ್ದವಳನ್ನು ಊರವರು ಆಸೆ ಬಿಟ್ಟು ಅಲ್ಲಿ ಮಲಗಿಸಿ ಹೋಗಿದ್ದರು. ಅಜ್ಜ ಗಂಜಿ, ಕಷಾಯ ಕುಡಿಸಿ ಉಳಿಸಿಕೊಂಡರು.

ಮಲಗಿದ್ದಷ್ಟು ದಿನವೂ ಅವಳ ಕಣ್ಣಿಗೆ ಬೀಳುತ್ತಿದ್ದದ್ದು ಕಿಟಕಿಯಲ್ಲಿ ತೂಗುತ್ತಿದ್ದ ಒಂದು ಸೀತಾಳೆ ಗಿಡ. ಮರದ ಕೊಂಬೆಯ ಮೇಲೆ ಬೆಳೆಯುವ ಆರ್ಕಿಡ್ ಅದು. ಗಾಳಿಗೆ ಮುರಿದು ಬಿದ್ದಿದ್ದನ್ನು ಅಜ್ಜ ಮಾವಿನ ಕಟ್ಟಿಗೆಯ ತುಂಡಿಗೆ ಬಾಳೆನಾರಿನಿಂದ ಕಟ್ಟಿ ಅಲ್ಲಿ ತೂಗುಹಾಕಿದ್ದರು. ಅದರಲ್ಲಿ ಹೊಸ ಎಲೆ ಮೂಡುವುದನ್ನು ನೋಡುತ್ತ ನೋಡುತ್ತಲೇ ಫಕೀರವ್ವ ಎದ್ದು ಕೂತಳು.

ಎದ್ದವಳೇ ಗಿಡದ ಆರೈಕೆ ತನಗೆ ಬೇಕು ಅಂದಳು.

"ಇದರ ಮೊದಲ ಹೂ ನಿಮ್ಮ ಪಾದಕ್ಕ, ಅಜ್ಜಾರ. ನನ್ನ ಹತ್ರ ಕೊಡಾಕ ಬ್ಯಾರೆ ಏನೈತ್ರಿ?"

"ನೋಡ್ಕೋ," ಅಂದರು ಅಜ್ಜ.

ಆದರೆ ಫಕೀರವ್ವನ ಪ್ರೀತಿ ಕೈಕಟ್ಟಿ ಕೂರುವಂಥದ್ದಲ್ಲ. ಬೆಳಿಗ್ಗೆ ಒಂದು ತಂಬಿಗೆ ನೀರು, ಸಂಜೆ ಇನ್ನೊಂದು. ಪಾಪ, ಬೇರಿಗೆ ಮಣ್ಣೇ ಇಲ್ಲವಲ್ಲ ಎಂದು ಹೊಳೆಯ ಮಣ್ಣು ತಂದು ಮೆತ್ತಿದಳು.

ಅಷ್ಟಕ್ಕೇ ಬಿಡಲಿಲ್ಲ. ದಿನಾ ಲಿಂಗಕ್ಕೆ ಅಭಿಷೇಕವಾದ ಮೇಲೆ ಎಲ್ಲರ ಅಂಗೈಗೂ ಪಂಚಾಮೃತ ಹಾಕುತ್ತಿದ್ದರು. ಅವಳು ತನ್ನ ಪಾಲನ್ನು ಬಾಯಿಗೆ ಹಾಕಿಕೊಳ್ಳದೆ ಅಂಗೈ ಮುಚ್ಚಿಕೊಂಡು ಓಡಿಬಂದು ಗಿಡದ ಬುಡಕ್ಕೆ ಸುರಿಯುತ್ತಿದ್ದಳು. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ದೇವರಿಗೆ ಸಂದದ್ದು ಗಿಡಕ್ಕೆ ಒಗ್ಗದೆ ಇರುತ್ತದೆಯೇ?

ಒಗ್ಗಲಿಲ್ಲ. ಮೊದಲು ಇರುವೆ ಬಂದವು. ಆಮೇಲೆ ಎಲೆ ಹಳದಿಯಾದವು. ಒಂದು ಬೆಳಿಗ್ಗೆ ಮುಟ್ಟಿದ ಎಲೆ ಕೈಗೇ ಬಂತು. ಫಕೀರವ್ವನ ಜೀವವೇ ಹಾರಿಹೋದಂತಾಯಿತು.

"ಅಜ್ಜಾರ, ಗಿಡ ಸಾಯಾಕತ್ತೈತ್ರಿ! ನಾ ಏನ್ ಕಡಿಮಿ ಮಾಡೀನೋ ತಿಳೀವಲ್ದು."

ಅಜ್ಜ ಬೇರನ್ನು ಮೂಸಿ ನೋಡಿದರು.

"ಕಡಿಮಿ ಏನೂ ಮಾಡಿಲ್ಲವ್ವ."

ಅವರು ಗಿಡವನ್ನು ಹೊಳೆಗೆ ಒಯ್ದು ಮಣ್ಣು ತೊಳೆದರು. ಕೊಳೆತ ಬೇರುಗಳನ್ನು ಚಾಕುವಿನಿಂದ ಕತ್ತರಿಸಿದರು. ಕೊನೆಗೆ ಗಟ್ಟಿಯಾಗಿ ಉಳಿದದ್ದು ಒಂದೇ ಬೇರು. ಅದನ್ನು ನೋಡಿ ಫಕೀರವ್ವ ಅತ್ತಳು.

"ಇನ್ನ ಇದಕ್ಕ ಏನ್ ಕೊಡ್ಲಿ ಅಜ್ಜಾರ?"

"ಗಾಳಿ."

"ಗಾಳಿ ನಾ ಹೆಂಗ್ ಕೊಡ್ಲಿ?"

"ನೀ ಸ್ವಲ್ಪ ದೂರ ನಿಂತ್ರ ತಾನಾ ಬರ್ತೈತಿ."

"ನೀರು?"

"ಬೇರು ಹಸರಿದ್ರ ನೀರು ಕುಡದೈತಿ ಅಂತ ತಿಳಿ. ಬೆಳ್ಳಗಾದ್ರ ನೀರಡಿಸೈತಿ. ಆವಾಗ ಹೊಳ್ಯಾಗ ಅದ್ದು. ಅದ್ದಿ, ನೀರೆಲ್ಲ ಇಳಿಯಾಕ ಬಿಡು."

"ಗೊಬ್ಬರ?"

ಅಜ್ಜ ಒಂದು ಚಿಟಿಕೆ ಹಳೆಯ ಸಗಣಿ ಗೊಬ್ಬರವನ್ನು ಬಕೆಟ್ ನೀರಿಗೆ ಹಾಕಿ ಕದಡಿ, ತಳ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಬಟ್ಟಲಿಗೆ ಬಗ್ಗಿಸಿದರು. ಬಟ್ಟಲಿನ ತಳ ಸ್ಪಷ್ಟವಾಗಿ ಕಾಣುತ್ತಿತ್ತು.

"ಹೊಸ ಬೇರು ಬಂದ ಮ್ಯಾಲ ಇದನ್ನ ಆಗೊಮ್ಮೆ ಈಗೊಮ್ಮೆ ಚಿಮುಕಿಸು."

ಫಕೀರವ್ವನಿಗೆ ಸಿಟ್ಟೇ ಬಂತು. "ಇದು ಬರೇ ನೀರಲ್ರೀ? ಇದರಾಗ ಏನೈತಿ?"

"ಜ್ವರದಾಗ ನಿನಗ ಏನ್ ಕುಡಿಸಿದ್ದೆ?"

"ಗಂಜಿ ತಿಳಿ."

"ಹಬ್ಬದ ದಿನ ಇಲ್ಲಿ ಹೋಳಿಗಿ ಮಾಡಿದ್ರಲ್ಲ, ನಿನಗ ಕೊಟ್ಟಿದ್ನೇನು?"

"ಇಲ್ರಿ. ವಾಸನಿ ಬಂದು, ಬೇಕು ಅಂತ ಅತ್ತಿದ್ದೆ. ನಿಮ್ಮನ್ನ ಬೈದೂ ಇದ್ದೆ."

"ಬೈದಿದ್ದಿ," ಎಂದು ಅಜ್ಜ ನಕ್ಕರು. "ನನಗೂ ಕೊಡಬೇಕು ಅಂತ ಭಾಳ ಅನ್ನಿಸಿತ್ತು."

ಫಕೀರವ್ವ ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಹಾಗಂತ ಅವಳು ಮರುದಿನವೇ ಸುಧಾರಿಸಲಿಲ್ಲ. ತಂಬಿಗೆ ಹಿಡಿದು ಕಿಟಕಿಯವರೆಗೆ ಹೋಗುವಳು, ಬೇರು ಹಸಿರಿದೆ ಎಂದು ಕಂಡು ವಾಪಸು ಬರುವಳು. ಕೊಡದೆ ಇರುವುದಕ್ಕೆ ಅವಳ ಕೈ ಎಷ್ಟು ಕಷ್ಟಪಟ್ಟಿತೋ! ಆದರೆ ಈಗ ಪಂಚಾಮೃತವನ್ನು ತಾನೇ ಕುಡಿಯುತ್ತಿದ್ದಳು. ಇಷ್ಟು ರುಚಿ ಇರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಗಿಡದಲ್ಲಿ ಒಂದು ಹೊಸ ಬೇರು ಇಣುಕಿತು, ಮತ್ತೊಂದು ಬಂದು ಕಟ್ಟಿಗೆಯನ್ನು ಅಪ್ಪಿಕೊಂಡಿತು. ಇನ್ನೊಂದು ಬೇಸಿಗೆ ಮುಗಿದು ಮುಂಗಾರಿನ ಮೋಡ ಕಟ್ಟುವ ಹೊತ್ತಿಗೆ ಸೀತಾಳೆ ಹೂಬಿಟ್ಟಿತು. ನೇರಳೆ ಚುಕ್ಕೆಯ ಬಿಳಿ ಹೂಗಳು ಒತ್ತಾಗಿ, ಹೆಣೆದ ಜಡೆಯ ಹಾಗೆ ಇಳಿಬಿದ್ದಿದ್ದವು.

ಫಕೀರವ್ವನಿಗೆ ಹೂ ಕೀಳುವ ಮನಸ್ಸಾಗಲಿಲ್ಲ. ಆಗಷ್ಟೇ ಹೊಳೆಯಲ್ಲಿ ಅದ್ದಿದ್ದ ಗಿಡವನ್ನೇ ಎತ್ತಿಕೊಂಡು ಓಡಿದಳು. ಅಜ್ಜ ಜಗಲಿಯಲ್ಲಿ ಕೂತಿದ್ದರು. ಅವರ ಮುಂದೆ ಹಿಡಿದು ನಿಂತಳು.

ಅಜ್ಜ ಬಹಳ ಹೊತ್ತು ನೋಡಿದರು. ಹೂವಿಗೆ ಕೈಮುಗಿದರು. ಆಮೇಲೆ ಕೇಳಿದರು:

"ನಿನ್ನೆ ಬಂದ ಮುದುಕಿ ಗಂಜಿ ಕುಡದಳೇನು?"

"ಇಲ್ರಿ. ಗ್ವಾಡಿ ಕಡೆ ಮುಖ ಮಾಡಿ ಮಲಗ್ಯಾಳ. ಕರದ್ರೂ ಹೊಳ್ಳಿ ನೋಡವಲ್ಲಳು."

"ಯಾವ ಕೋಣ್ಯಾಗ ಅದಾಳ?"

"ನಾ ಮಲಗಿದ್ದ ಕೋಣ್ಯಾಗ."

ಫಕೀರವ್ವ ಕೈಯಲ್ಲಿದ್ದ ಹೂವನ್ನು ನೋಡಿದಳು, ಒಳಗಿನ ಕೋಣೆಯ ಕಡೆ ನೋಡಿದಳು. ಅವಳ ಕಣ್ಣು ತುಂಬಿ ಬಂತು.

"ಮೊದಲ ಹೂ ನಿಮಗ ಅಂದಿದ್ನಲ್ರಿ, ಅಜ್ಜಾರ."

"ನನಗ ಕೊಟ್ಟಿದ್ದಾತು. ನೀರೆಲ್ಲ ಇಳಿದ ಮ್ಯಾಲ ಒಳಗ ಒಯ್ದು ಆಕಿ ಕಣ್ಣ ಮುಂದ ತೂಗುಹಾಕವ್ವ, ಇಲ್ಲಂದ್ರ ಹಾಸಿಗಿ ತೊಯ್ದೀತು."