ಎದುರು ಕಾಣದೆ ಓಡಿದ ಫೋರ್ಕ್‌ಲಿಫ್ಟ್

ಗೊಬ್ಬರದ ಗೋದಾಮೊಂದರಲ್ಲಿ ಒಂದು ಹೊಸ ಫೋರ್ಕ್‌ಲಿಫ್ಟ್ ಮತ್ತು ಒಂದು ಹಳೆಯ ಕೈಗಾಡಿ ಕೆಲಸಕ್ಕಿದ್ದವು. ಒಂದು ಬೆಳಿಗ್ಗೆ ಫೋರ್ಕ್‌ಲಿಫ್ಟ್ ತನ್ನ ಕಣ್ಣಿಗೆ ಅಡ್ಡವಾಗುವಷ್ಟು ಎತ್ತರಕ್ಕೆ ಮೂಟೆಗಳನ್ನು ಹೊತ್ತು ಹೊರಟಿತು.

"ತಮ್ಮಾ, ಎದುರು ಕಾಣದಿದ್ದರೆ ಹಿಮ್ಮುಖವಾಗಿ ಹೋಗು. ತಿರುವಿನಲ್ಲಿ ಹಾರ್ನ್ ಮಾಡು," ಎಂದಿತು ಕೈಗಾಡಿ.

"ಎರಡು ಟನ್ ಎತ್ತುವವನು ಹಿಂದಕ್ಕೆ ನಡೆಯಬೇಕೆ? ಈ ದಾರಿ ನನಗೆ ಬಾಯಿಪಾಠ," ಎಂದು ಫೋರ್ಕ್‌ಲಿಫ್ಟ್ ವೇಗವಾಗಿಯೇ ಮುಂದೆ ಹೋಯಿತು.

ತಿರುವಿನ ಆಚೆ ಕಸ ಗುಡಿಸುವ ಚೌಡಮ್ಮ ಬಗ್ಗಿಕೊಂಡು, ಚೆಲ್ಲಿದ ಗೊಬ್ಬರವನ್ನು ಬಳಿಯುತ್ತಿದ್ದಳು. ಅದನ್ನು ಕಂಡ ಕೈಗಾಡಿ ಉರುಳಿಕೊಂಡು ಬಂದು ಇಬ್ಬರ ನಡುವೆ ಅಡ್ಡ ನಿಂತಿತು. ಚೌಡಮ್ಮ ಉಳಿದಳು. ಫೋರ್ಕ್‌ಲಿಫ್ಟ್ ಗುದ್ದಿದ ರಭಸಕ್ಕೆ ಕೈಗಾಡಿಯ ಅಚ್ಚು ಮುರಿದು, ಚಕ್ರಗಳು ಕಳಚಿಬಿದ್ದವು.

ಸದ್ದು ಕೇಳಿ ಓಡಿಬಂದ ಮೇಸ್ತ್ರಿ ಸಿದ್ರಾಮಪ್ಪ, "ಈ ಹಳೇ ಗಾಡಿ ದಾರಿಗೆ ಅಡ್ಡ ಬಂತೇ?" ಎಂದು ಕೇಳಿದ. ಫೋರ್ಕ್‌ಲಿಫ್ಟ್ ಬಾಯಿ ಬಿಡಲಿಲ್ಲ.

"ಹಾಗಾದರೆ ಇದನ್ನು ಗುಜರಿಗೆ ಹಾಕಿ ಬಾ," ಎಂದ ಮೇಸ್ತ್ರಿ.

ಫೋರ್ಕ್‌ಲಿಫ್ಟ್ ಅದನ್ನು ಎತ್ತಿಕೊಂಡು ಹೋಯಿತು. ಗುಜರಿ ರಾಶಿಯ ಹತ್ತಿರ ಮೆಲ್ಲಗೆ ಇಳಿಸಿ, "ಅಣ್ಣಾ, ತಪ್ಪು ನನ್ನದು," ಎಂದಿತು.

"ಅದು ನನಗೆ ಗೊತ್ತು. ಗೊತ್ತಿಲ್ಲದವರು ಒಳಗಿದ್ದಾರೆ," ಎಂದಿತು ಕೈಗಾಡಿ.

ಫೋರ್ಕ್‌ಲಿಫ್ಟ್ ಕೈಗಾಡಿಯನ್ನು ಮತ್ತೆ ಎತ್ತಿಕೊಂಡು, ನಿಧಾನವಾಗಿ ಮೇಸ್ತ್ರಿಯಿದ್ದಲ್ಲಿಗೆ ಹೊರಟಿತು.