ಕಿಟಕಿಯ ತೊಟ್ಟಿಲು

“ಬುದ್ಧಿ, ಇಲ್ಲದ್ದನ್ನ ಇದೆ ಅಂತ ತೋರಿಸಿದ್ರೆ ತಪ್ಪಾಗುತ್ತಾ?” ಎಂದು ದಾಕ್ಷಾಯಣಿ ಕೇಳಿದಳು.

ಗುರುಗಳು ಆಗಷ್ಟೇ ಊರೊಳಗೆ ಭಿಕ್ಷೆ ಮುಗಿಸಿಕೊಂಡು ಬಂದು ಮಠದ ಜಗುಲಿಯಲ್ಲಿ ಕುಳಿತಿದ್ದರು. ರಾತ್ರಿ ಮಳೆಯಾಗಿತ್ತು. ದಾಕ್ಷಾಯಣಿ ಕಾಲಿಗೆ ಮೆತ್ತಿದ ಕೆಸರನ್ನು ತೊಳೆದುಕೊಂಡು ಬಂದು ಅವರೆದುರು ಕುಳಿತಿದ್ದಳು. ಅಷ್ಟು ಬೆಳಿಗ್ಗೆ ಅವಳಿಗೆ ಬಿಡುವಾಗುವುದು ಅಪರೂಪ. ಕೆಲಸಕ್ಕೆ ಹೋಗುವ ಹೆಂಗಸರ ಮಕ್ಕಳನ್ನು ಅವಳು ತನ್ನ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದಳು. ಅಂದು ಕಾರ್ಖಾನೆಗಳಿಗೆ ರಜೆ. ಹಾಗಾಗಿ ಯಾವ ಮಗುವೂ ಬಂದಿರಲಿಲ್ಲ.

ಏನು ತೋರಿಸಿದೆ ಎಂದು ಗುರುಗಳು ಕೇಳಿದರು. ಅವಳು ಮುಚ್ಚುಮರೆ ಇಲ್ಲದೆ ಹೇಳಿದಳು. ಇದ್ದ ಕೆಲಸ ಬಿಟ್ಟು ಇದನ್ನು ನಂಬಿಕೊಂಡಿದ್ದಾಳೆ. ಮನೆಗೆ ಸುಣ್ಣ ಬಳಿಸಿದ್ದಾಳೆ, ಆಟದ ಸಾಮಾನು ತಂದಿದ್ದಾಳೆ. ಆದರೆ ಬರುವುದು ಎರಡೋ ಮೂರೋ ಮಕ್ಕಳು. ಹೊಸಬರು ಬಾಗಿಲವರೆಗೆ ಬರುತ್ತಾರೆ, ಒಳಗೆ ಸದ್ದಿಲ್ಲದ್ದನ್ನು ನೋಡಿ ಹೊರಟುಹೋಗುತ್ತಾರೆ. ಹೀಗೇ ಆದರೆ ಮುಚ್ಚಬೇಕಾಗುತ್ತದೆ. ಅದಕ್ಕೆ ಸಂತೆಯಿಂದ ಹಳೆಯ ಪುಟ್ಟ ಚಪ್ಪಲಿಗಳನ್ನು ತಂದು, ತೊಳೆದು ಒಣಗಿಸಿ, ತನ್ನ ಜಗುಲಿಯ ಮೇಲೆ ಸಾಲಾಗಿ ಜೋಡಿಸಿದ್ದಾಳೆ. ಸಾಲಿನ ಕೊನೆಗೆ ಒಂದು ಕೆಂಪು ಜೊತೆ, ಅದು ದೂರಕ್ಕೂ ಕಾಣುತ್ತದೆ. ಅವನ್ನು ಯಾವ ಮಗುವೂ ಮೆಟ್ಟುವುದಿಲ್ಲ, ಅವು ನೋಡುವವರಿಗಾಗಿ. ಆಮೇಲಿಂದ ಇಬ್ಬರು ತಾಯಂದಿರು ನಿಂತು ವಿಚಾರಿಸಿಕೊಂಡು ಹೋಗಿದ್ದಾರೆ. ಅತ್ತೆ ಮಾತ್ರ ಇದು ಸರಿಯಲ್ಲ ಎಂದು ಗೊಣಗುತ್ತಿದ್ದಾರೆ.

ಗುರುಗಳು ನಕ್ಕರು. ಅವರಿಗೆ ನಗುವೂ ಬೇಗ, ಸಿಟ್ಟೂ ಬೇಗ. ಆ ದಿನ ಸಿಟ್ಟು ಮಾಡಲಿಲ್ಲ. ಒಂದು ಕತೆ ಹೇಳಿದರು.

ರೇಷ್ಮೆಯ ಊರೊಂದರಲ್ಲಿ ಒಬ್ಬ ಹೆಂಗಸಿದ್ದಳು. ಆ ಊರಿನ ಹೆಂಗಸರೆಲ್ಲ ಗೂಡು ಬೇಯಿಸಿ ನೂಲು ತೆಗೆಯುವವರು. ಬೆಳಗಿನಿಂದ ಸಂಜೆಯವರೆಗೆ ಕುದಿಯುವ ನೀರಿನ ಮುಂದೆ ಅವರ ಕೆಲಸ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವಂತಿಲ್ಲ. ಕರೆದೊಯ್ದ ಮಗುವೊಂದು ಕೈ ಸುಟ್ಟುಕೊಂಡಿತ್ತು. ಆದ್ದರಿಂದ ಮಕ್ಕಳನ್ನು ಬಿಡಲು ಒಂದು ಮನೆ ಬೇಕಾಗಿತ್ತು. ಈ ಹೆಂಗಸಿಗೆ ಮನೆಯಿತ್ತು, ತಾಳ್ಮೆಯಿತ್ತು, ಕೈ ಶುದ್ಧವಾಗಿತ್ತು. ಆದರೂ ಅವಳ ಬಾಗಿಲಿಗೆ ಯಾರೂ ಬರಲಿಲ್ಲ.

ಯಾಕೆ ಬರಲಿಲ್ಲ ಎಂದು ಅವಳು ಯೋಚಿಸಿದಳು. ಕಾರಣ ಬೇಗ ತಿಳಿಯಿತು. ಅವಳು ದಡ್ಡಿಯಲ್ಲ. ತಾಯಂದಿರು ಸದ್ದಿಲ್ಲದ ಮನೆಯಲ್ಲಿ ಮಗುವನ್ನು ಬಿಡಲು ಹೆದರುತ್ತಾರೆ. ನಾಲ್ಕು ಮಕ್ಕಳ ಗಲಾಟೆ ಇರುವಲ್ಲಿ ಐದನೆಯದನ್ನು ಬಿಡಲು ಹೆದರುವುದಿಲ್ಲ. ಮೊದಲ ಮಗು ಬರಬೇಕಾದರೆ ಅದಕ್ಕೂ ಮೊದಲೇ ಒಂದು ಮಗು ಇರಬೇಕು. ಇದು ನೋಡಲು ಅನ್ಯಾಯವೇ. ಆದರೆ ತಾಯಂದಿರನ್ನು ಬೈದು ಉಪಯೋಗವಿಲ್ಲ.

ಅವಳು ಅಟ್ಟದ ಮೇಲಿದ್ದ ತೊಟ್ಟಿಲನ್ನು ಇಳಿಸಿದಳು. ಬೀದಿಗೆ ಕಾಣುವ ಕಿಟಕಿಯ ಬಳಿ ಕಟ್ಟಿದಳು. ಖಾಲಿ ತೊಟ್ಟಿಲು ತೂಗಬಾರದು ಎಂಬುದು ಅವಳಿಗೂ ಗೊತ್ತಿತ್ತು. ನಾಮಕರಣದ ದಿನ ನಾವು ಮಗುವನ್ನು ನೇರವಾಗಿ ತೊಟ್ಟಿಲಿಗೆ ಹಾಕುವುದಿಲ್ಲವಲ್ಲ. ಮೊದಲು ಒರಳಿನ ಗುಂಡುಕಲ್ಲನ್ನು ತೊಳೆದು, ಬಟ್ಟೆ ಸುತ್ತಿ, ತೊಟ್ಟಿಲಲ್ಲಿಟ್ಟು ತೂಗುತ್ತೇವೆ. ಆಮೇಲೆ ಕಲ್ಲನ್ನು ತೆಗೆದು ಆ ಜಾಗದಲ್ಲಿ ಮಗುವನ್ನು ಮಲಗಿಸುತ್ತೇವೆ. ಅವಳಿಗೆ ಅದು ನೆನಪಾಯಿತು. ಗುಂಡುಕಲ್ಲನ್ನು ತೊಳೆದಳು, ಬಟ್ಟೆ ಸುತ್ತಿದಳು, ಕುಲಾವಿ ತೊಡಿಸಿದಳು, ತೊಟ್ಟಿಲಲ್ಲಿಟ್ಟಳು. ತೊಟ್ಟಿಲು ಭಾರವಾಗಿ ಜೋಲಿತು. ಖಾಲಿ ತೂಗಿದ ದೋಷವೂ ಇಲ್ಲ, ನೋಡುವವರಿಗೆ ಮಗುವೂ ಉಂಟು ಎಂದು ತನ್ನ ಜಾಣತನಕ್ಕೆ ತಾನೇ ಹಿಗ್ಗಿದಳು.

ಹೆಂಗಸರು ಕೆಲಸಕ್ಕೆ ಹೋಗುವ ಹೊತ್ತಿಗೆ ಅವಳು ಕಿಟಕಿಯ ಬಳಿ ಕುಳಿತು ಜೋಗುಳ ಹಾಡುತ್ತ ತೂಗುತ್ತಿದ್ದಳು. ಯಾರೋ ಒಬ್ಬಳು ನಿಂತು ಮಗುವಿನ ಹೆಸರು ಕೇಳಿದಳು. ಹೊನ್ನಿ ಎಂದಳು. ಯಾರ ಮಗು ಎಂದು ಕೇಳಿದಾಗ, ಕೆಳಗಿನ ಬೀದಿಯವರದು, ಈಗಷ್ಟೇ ಮಲಗಿದೆ ಎಂದಳು. ಒಂದು ಸುಳ್ಳಿಗೆ ಹತ್ತು ಕೆಲಸ. ಹೊನ್ನಿಗೆಂದು ಕೂಸುಗಳಿಗೆ ಕುಡಿಸುವ ಒಳಲೆಯಲ್ಲಿ ಹಾಲು ತುಂಬಿ ಕಿಟಕಿಯ ಮೇಲೆ ಇಡಬೇಕಾಯಿತು. ಹೊನ್ನಿಯ ಬಟ್ಟೆಯೆಂದು ಅಂಗಳದಲ್ಲಿ ಒಣಗಹಾಕಬೇಕಾಯಿತು. ಆಗಾಗ ಹೆಸರು ಹಿಡಿದು ಕರೆದು ಮುದ್ದು ಮಾಡಬೇಕಾಯಿತು. ಅವಳು ಅದೆಲ್ಲವನ್ನೂ ಬೇಸರವಿಲ್ಲದೆ ಮಾಡಿದಳು.

ಪಕ್ಕದ ಮನೆಯ ಮುದುಕಿಯೊಬ್ಬಳಿಗೆ ಮಾತ್ರ ನಿಜ ಗೊತ್ತಾಯಿತು. ಅವಳು ಉಪ್ಪು ಕೇಳಲು ಬಂದವಳು ತೊಟ್ಟಿಲೊಳಗೆ ಇಣುಕಿ ನೋಡಿಬಿಟ್ಟಿದ್ದಳು.

“ಕಲ್ಲು ತೂಗೋದು ಮಗೂಗೆ ಜಾಗ ಮಾಡೋಕೆ ಕಣವ್ವ,” ಎಂದಳು ಮುದುಕಿ. “ನೀನು ದಿನಾ ಜಾಗ ಮಾಡ್ತಾ ಕರೀತಾ ಇದೀಯ. ಯಾರನ್ನ ಕರೀತಾ ಇದೀಯ ಅಂತ ನಿಂಗೆ ಗೊತ್ತಾ?”

ಹೆಂಗಸು ನಕ್ಕು ಉಪ್ಪು ಕೊಟ್ಟು ಕಳಿಸಿದಳು.

ಉಪಾಯ ಫಲಿಸಿತು. ಮೊದಲು ಒಬ್ಬಳು ತನ್ನ ಮಗುವನ್ನು ತಂದು ಬಿಟ್ಟಳು. ಅವಳನ್ನು ನೋಡಿ ಇನ್ನೊಬ್ಬಳು ಬಂದಳು. ಮನೆಯ ತುಂಬ ಮಕ್ಕಳಾದರು. ಆ ಹೆಂಗಸು ಅವರನ್ನು ಚೆನ್ನಾಗಿಯೇ ನೋಡಿಕೊಂಡಳು. ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಮಕ್ಕಳು ಮೈಕೈ ತುಂಬಿಕೊಂಡವು. ಇನ್ನು ಕಲ್ಲಿನ ಅಗತ್ಯವಿರಲಿಲ್ಲ. ಆದರೆ ಹೊನ್ನಿ ಎಲ್ಲಿ ಎಂದು ಕೇಳಿದರೆ ಏನು ಹೇಳುವುದು? ನಾಳೆ ತೆಗೆದರಾಯಿತು ಎಂದು ಅವಳು ದಿನ ದೂಡಿದಳು.

ಒಂದು ಸಂಜೆ ನೋಡಿದರೆ ಕಿಟಕಿಯ ಮೇಲಿನ ಒಳಲೆ ಖಾಲಿಯಾಗಿತ್ತು. ಬೆಕ್ಕು ಕುಡಿದಿರಬೇಕು ಎಂದುಕೊಂಡಳು. ಮರುದಿನ ಕಿಟಕಿ ಮುಚ್ಚಿಟ್ಟಳು. ಅಂದೂ ಒಳಲೆ ಖಾಲಿ. ಮಕ್ಕಳು ಮನೆಯ ತುಂಬ ಓಡಾಡಿದರೂ ಆ ತೊಟ್ಟಿಲಿನ ಬಳಿ ಹೋಗುತ್ತಿರಲಿಲ್ಲ. ಇನ್ನೂ ಮಾತು ಬರದ ಒಂದು ಮಗು ಮಾತ್ರ ಅದರ ಕೆಳಗೆ ಕುಳಿತುಕೊಳ್ಳುತ್ತಿತ್ತು. ಅವಳು ಜೋರಾಗಿ ಮಾತಾಡಿದರೆ ಅದು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡುತ್ತಿತ್ತು.

ಒಂದು ಮಧ್ಯಾಹ್ನ ಅವಳು ತೊಟ್ಟಿಲೊಳಗೆ ಕೈ ಹಾಕಿದಳು. ಕಲ್ಲಿಗೆ ಸುತ್ತಿದ ಬಟ್ಟೆ ಒದ್ದೆಯಾಗಿತ್ತು. ದಿನವಿಡೀ ಅದೇ ಕೆಲಸ ಮಾಡುವ ಕೈ, ತಾನಾಗಿ ಬಟ್ಟೆ ಬದಲಿಸಿತು. ಬದಲಿಸಿ ಮುಗಿದ ಮೇಲೆ ಅವಳಿಗೆ ಭಯವಾಯಿತು. ಗೋಡೆಗೊರಗಿ ಕುಳಿತಳು. ಇವತ್ತೇ ಇದನ್ನು ತೆಗೆದುಬಿಡಬೇಕು ಎಂದುಕೊಂಡಳು. ಅಷ್ಟರಲ್ಲಿ ಬಾಗಿಲಲ್ಲಿ ಹೊಸ ತಾಯಂದಿರು ಬಂದು ನಿಂತಿದ್ದರು. ಅವರು ಕಿಟಕಿಯ ತೊಟ್ಟಿಲನ್ನು ತೋರಿಸಿ, ಇಷ್ಟು ಎಳೆಯ ಮಗುವನ್ನೂ ನೋಡಿಕೊಳ್ಳುತ್ತಾಳಲ್ಲ ಎಂದು ತಮ್ಮತಮ್ಮಲ್ಲೇ ಮಾತಾಡುತ್ತಿದ್ದರು. ಅವಳು ಎದ್ದು ಸೆರಗು ಸರಿಮಾಡಿಕೊಂಡು ನಗುತ್ತ ಹೋದಳು.

ಆ ಹೊಸಬರಲ್ಲಿ ಒಬ್ಬಳು ಮಾರನೆಯ ದಿನ ತನ್ನ ಹಸುಗೂಸನ್ನು ತಂದು ಬಿಟ್ಟಳು. ಕೆಲಸ ಮುಗಿದು ಬರುವುದು ತಡವಾಗುತ್ತದೆ ಎಂದು ಹೇಳಿ ಹೋದಳು. ಮನೆಯಲ್ಲಿ ಬೇರೆ ತೊಟ್ಟಿಲು ಉಳಿದಿರಲಿಲ್ಲ. ಹೆಂಗಸು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಕಲ್ಲನ್ನು ತೆಗೆದು ಕೆಳಗಿಟ್ಟಳು. ಆ ಜಾಗದಲ್ಲಿ ಕೂಸನ್ನು ಮಲಗಿಸಿದಳು. ಹೇಗೂ ಪೀಡೆ ಕಳೆಯಿತು ಎಂದು ಅವಳ ಮನಸ್ಸು ಹಗುರವಾಯಿತು. ನಾಮಕರಣದಲ್ಲಿ ಮಾಡುವುದೂ ಇದನ್ನೇ ಎಂಬುದು ಅವಳಿಗೆ ಹೊಳೆಯಲಿಲ್ಲ.

ಸಂಜೆ ತಾಯಂದಿರು ಬಂದರು. ಅಂಗಳ ತುಂಬಿತ್ತು. ಹಸುಗೂಸಿನ ತಾಯಿ ಇನ್ನೂ ಬಂದಿರಲಿಲ್ಲ. ಅವರ ನಡುವೆ ಒಬ್ಬಳು ಹೆಂಗಸು ಮುಂದೆ ಬಂದಳು. ಅವಳ ಗುರುತು ಯಾರಿಗೂ ಇರಲಿಲ್ಲ. ಆದರೆ ಉಳಿದವರ ಹಾಗೆಯೇ ಅವಳೂ ಸೆರಗನ್ನು ಮಡಿಲಾಗಿ ಹಿಡಿದಿದ್ದಳು.

“ಹೊನ್ನಿ ಎದ್ದಿದ್ದಾಳಾ?” ಎಂದು ಅವಳು ಕೇಳಿದಳು. “ಕರ್ಕೊಂಡು ಹೋಗೋಕೆ ಬಂದೆ.”

ಅಂಗಳದಲ್ಲಿದ್ದ ತಾಯಂದಿರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಹೊನ್ನಿಯ ತಾಯಿಯನ್ನು ಕೊನೆಗೂ ನೋಡಿದೆವು ಎಂದು ಅವರಿಗೆ ಸಂತೋಷವೇ ಆಯಿತು. ದಾರಿ ಬಿಟ್ಟರು. ಅವಳು ಒಳಗೆ ಬಂದಳು. ನೇರವಾಗಿ ಕಿಟಕಿಯ ಬಳಿಗೆ ಹೋದಳು. ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡಳು. ಕೂಸು ಅಳಲಿಲ್ಲ. ಅವಳ ಹೆಗಲ ಮೇಲೆ ಕೆನ್ನೆಯಿಟ್ಟು ಮಲಗಿತು.

ಮನೆಯ ಹೆಂಗಸಿಗೆ ಏನು ಹೇಳಬೇಕೆಂದು ಗೊತ್ತಿತ್ತು. ಹೊನ್ನಿ ಎಂಬ ಮಗುವೇ ಇಲ್ಲ, ನಾನು ಕಲ್ಲು ತೂಗುತ್ತಿದ್ದೆ ಎಂದರೆ ಸಾಕು. ಆದರೆ ಅಂಗಳದ ತುಂಬ ತಾಯಂದಿರು ನಿಂತಿದ್ದರು. ಆ ಮಾತನ್ನು ಆಡಿದರೆ ನಾಳೆ ಅವರಲ್ಲಿ ಒಬ್ಬರೂ ಬರುವುದಿಲ್ಲ. ಅವಳು ಅವರ ಮುಖಗಳನ್ನು ನೋಡಿದಳು. ಅಪರಿಚಿತಳು ಕೂಸನ್ನೆತ್ತಿಕೊಂಡು ನಡುಮನೆ ದಾಟಿದಳು. ಮನೆಯ ಹೆಂಗಸು ಸುಮ್ಮನಿದ್ದಳು. ಬಂದವಳು ಹೊಸ್ತಿಲು ದಾಟಿದಳು. ಆಗಲೂ ಇವಳು ಸುಮ್ಮನಿದ್ದಳು. ಬಂದವಳು ಜಗುಲಿಯ ಮೆಟ್ಟಿಲು ಇಳಿಯುವಾಗ ಮಾತ್ರ ಇವಳು ಓಡಿಹೋಗಿ ಅಡ್ಡ ನಿಂತಳು. ಇದ್ದದ್ದನ್ನು ಇದ್ದ ಹಾಗೆ ಎಲ್ಲರ ಎದುರಿಗೆ ಹೇಳಿದಳು.

ಅಪರಿಚಿತಳಿಗೆ ಕೋಪ ಬರಲಿಲ್ಲ. ಕೂಸನ್ನು ಹಿಂದಕ್ಕೆ ಕೊಟ್ಟಳು.

“ಇದು ನಮ್ಮದಲ್ಲ ಅಂದ್ರೆ ಸರಿ,” ಎಂದಳು. “ಆದ್ರೆ ನಮ್ಮದು ಎಲ್ಲಿ? ಇಷ್ಟು ದಿನ ಹೆಸರಿಟ್ಟು ಕರೆದು ಹಾಲು ಕೊಟ್ಟೋರು ನೀವೇ ಅಲ್ವಾ? ಹುಡುಕಿಟ್ಟಿರಿ, ನಾಳೆ ಬರ್ತೀನಿ.”

ಅವಳು ಖಾಲಿ ಮಡಿಲು ಹಿಡಿದುಕೊಂಡೇ ಬೀದಿಯಲ್ಲಿ ನಡೆದುಹೋದಳು.

ತಾಯಂದಿರು ಜಗಳವಾಡಲಿಲ್ಲ. ತಮ್ಮ ತಮ್ಮ ಮಕ್ಕಳನ್ನು ಎತ್ತಿಕೊಂಡು ಹೋದರು. ಹಸುಗೂಸಿನ ತಾಯಿ ಬಂದು, ವಿಷಯ ಕೇಳಿ, ಕೂಸನ್ನು ಎದೆಗೊತ್ತಿಕೊಂಡು ಹೋದಳು. ಮರುದಿನ ಯಾರೂ ಬರಲಿಲ್ಲ. ಕಲ್ಲು ತೂಗಿದ್ದನ್ನು ಅವರು ನಕ್ಕು ಮರೆತಾರು. ಆದರೆ ಅವಳು ಮೆಟ್ಟಿಲವರೆಗೆ ಸುಮ್ಮನಿದ್ದಳಲ್ಲ, ಅದನ್ನು ಮರೆಯಲಿಲ್ಲ.

ಅವಳು ತೊಟ್ಟಿಲನ್ನು ಅಟ್ಟಕ್ಕೆ ಹಾಕಿದಳು. ಗುಂಡುಕಲ್ಲನ್ನು ಒರಳಿಗೆ ಹಾಕಿದಳು, ಆದರೆ ಅದರಲ್ಲಿ ರುಬ್ಬಲು ಕೈ ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಅದೇ ದನಿ, ಹೊನ್ನಿ ಎದ್ದಿದ್ದಾಳಾ ಎಂದು ಕೇಳಿತು. ಅದರ ಮಾರನೆಯ ದಿನವೂ ಕೇಳಿತು. ಮಕ್ಕಳನ್ನು ಕರೆದೊಯ್ಯಲು ಆ ಮನೆಗೆ ತಪ್ಪದೆ ಬರುತ್ತಿದ್ದ ತಾಯಿ ಆಮೇಲೆ ಅವಳೊಬ್ಬಳೇ.

ಕತೆ ಮುಗಿಸಿ ಗುರುಗಳು ಭಿಕ್ಷೆಯ ಜೋಳಿಗೆಯನ್ನು ಪಕ್ಕಕ್ಕೆ ಸರಿಸಿದರು. ದಾಕ್ಷಾಯಣಿಗೆ ಮೈ ಜುಮ್ಮೆಂದಿತ್ತು. ಆದರೂ ಅವಳು ಬಿಟ್ಟುಕೊಡಲಿಲ್ಲ.

“ನಂದು ಬರೀ ಹಳೇ ಚಪ್ಪಲಿ ಬುದ್ಧಿ. ನಾನು ಯಾರನ್ನೂ ಹೆಸರು ಹಿಡಿದು ಕರೆದಿಲ್ಲ, ಯಾರಿಗೂ ಹಾಲು ಇಟ್ಟಿಲ್ಲ. ಚಪ್ಪಲಿಯಿಂದ ಯಾರಿಗೇನಾಗುತ್ತೆ?”

ಗುರುಗಳು ಅವಳ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದರು.

“ಬೆಳಿಗ್ಗೆ ಭಿಕ್ಷೆಗೆ ಬಂದಾಗ ನಿನ್ನ ಜಗುಲಿ ನೋಡಿದೆ ತಾಯಿ, ಕೊನೆಯ ಆ ಕೆಂಪು ಜೊತೆಗೆ ಹಸಿ ಕೆಸರು ಮೆತ್ತಿತ್ತು, ಅದನ್ನು ಮೆಟ್ಟಿಕೊಂಡು ನಿನ್ನ ಮನೆಗೆ ಬಂದ ಮಗು ಯಾರದು?”