ಸಿಂಪಿಗ ಹಕ್ಕಿಗೆ ಸಿಕ್ಕ ನೂಲು

ದರ್ಜಿ ರಾಚಪ್ಪ ತೀರಿಕೊಂಡ ಮೇಲೆ ಅವನ ಹೆಂಡತಿ ನೀಲವ್ವ ಬೆಳಗಾದರೆ ಹಿತ್ತಲಿನ ಕಟ್ಟೆಯ ಮೇಲೆ ಸುಮ್ಮನೆ ಕೂರುತ್ತಿದ್ದಳು. ಅಲ್ಲಿ ಬದನೆ ಗಿಡದಲ್ಲಿ ಹೆಬ್ಬೆರಳಿನಷ್ಟು ಗಾತ್ರದ ಸಿಂಪಿಗ ಹಕ್ಕಿಯೊಂದು ಅಗಲವಾದ ಎಲೆಯನ್ನು ಮಡಚಿ, ಅಂಚಿನಲ್ಲಿ ಕೊಕ್ಕಿನಿಂದ ತೂತು ಕೊರೆದು, ಹತ್ತಿಯ ಎಳೆಯಿಂದ ಗೂಡು ಹೊಲಿಯುತ್ತಿತ್ತು.

“ಅವ್ವಾ, ಮೂರು ದಿನದಿಂದ ನನ್ನನ್ನೇ ನೋಡುತ್ತಿದ್ದೀಯಲ್ಲ, ಹೊಲಿಗೆ ತಪ್ಪಿದೆಯೇ?” ಎಂದು ಹಕ್ಕಿ ಕೇಳಿತು.

“ಇಲ್ಲ ತಾಯಿ. ನಮ್ಮ ಯಜಮಾನರೂ ಹೀಗೇ ಕತ್ತು ಓರೆ ಮಾಡಿಕೊಂಡು ಹೊಲಿಯುತ್ತಿದ್ದರು. ಅವರು ಆರು ವರ್ಷ ಗುರುವಿನ ಏಟು ತಿಂದು ಕಲಿತರು. ನಿನಗೆ ಯಾರು ಕಲಿಸಿದರು?”

“ಯಾರೂ ಕಲಿಸಲಿಲ್ಲ. ಎಲೆ ಕಂಡಿತು, ಕೊಕ್ಕಿಗೆ ಗೊತ್ತಾಯಿತು.”

ನೀಲವ್ವ ಬೆರಗಾಗಿ ಕೆನ್ನೆಗೆ ಕೈಯಿಟ್ಟಳು.

ಮಧ್ಯಾಹ್ನ ಬೀಸಿದ ಗಾಳಿಗೆ ಆ ಹೊಲಿಗೆಯೆಲ್ಲ ಬಿಚ್ಚಿಹೋಯಿತು.

“ಹತ್ತಿಯ ಎಳೆ ಎಲ್ಲೂ ಉಳಿದಿಲ್ಲ. ಮೊಟ್ಟೆಯಿಡುವ ಹೊತ್ತು ಬಂದೇಬಿಟ್ಟಿತು!” ಎಂದು ಹಕ್ಕಿ ಚಡಪಡಿಸಿತು.

ಗಂಡ ಹೋದಂದಿನಿಂದ ನೀಲವ್ವ ಅವನ ಹೊಲಿಗೆ ಪೆಟ್ಟಿಗೆಯನ್ನು ತೆರೆದಿರಲಿಲ್ಲ, ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಈಗ ಒಳಗೆ ಹೋಗಿ ತೆರೆದಳು. ಅವನು ಅರ್ಧ ಬಳಸಿ ಬಿಟ್ಟಿದ್ದ ಬಿಳಿ ನೂಲಿನ ಉಂಡೆಯಿಂದ ಬೆರಳುದ್ದದ ಎಳೆಗಳನ್ನು ಕತ್ತರಿಸಿ ತಂದು ಬೇಲಿಯ ಮೇಲೆ ಹರಡಿದಳು.

ಹಕ್ಕಿ ಒಂದೊಂದೇ ಎಳೆಯನ್ನು ಕಚ್ಚಿಕೊಂಡು ಹೋಯಿತು. ಗಂಡನ ಕೈ ಮುಟ್ಟಿದ್ದ ನೂಲು ಹಸಿರೆಲೆಯ ಒಳಹೋಗಿ ಹೊರಬರುವುದನ್ನು ನೀಲವ್ವ ನೋಡುತ್ತಲೇ ಕೂತಳು. ಸಂಜೆಯ ಹೊತ್ತಿಗೆ ಎಲೆ ಪುಟ್ಟ ತೊಟ್ಟಿಲಿನಂತೆ ತೂಗುತ್ತಿತ್ತು.

“ಎಷ್ಟು ಮೆತ್ತನೆಯ ನೂಲು, ಅವ್ವಾ!” ಎಂದಿತು ಹಕ್ಕಿ.

“ಅದನ್ನು ಅವರು ಎಳೆಗೂಸುಗಳ ಅಂಗಿಗೆಂದೇ ತೆಗೆದಿಟ್ಟಿದ್ದರು ತಾಯಿ,” ಎಂದಳು ನೀಲವ್ವ.